ಕೊರಳ ಡಬ್ಬಿ

ನನ್ನ ಗಂಡನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಲೀಟರ್ ಹಾಕಿ ಹೋದ. ಇನ್ನು ಮುಕ್ಕಾಲು ಸಾಕು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹಾಲನ್ನು ಒಲೆಯ ಮೇಲಿಟ್ಟು, ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲು ದಾಟಿ ನುಗ್ಗೆ ಮರದ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದ ಮಾವನ ದನಿ ಬಂತು.

"ಗಂಗೋತ್ರಿ, ಟೊಂಯ್ ಅಂತು. ಎಲ್ಲಿಗೆ ಹೊಂಟೆ?"

"ಇಲ್ಲೇ ಹಿತ್ತಲಾಗೆ ಇದೀನಿ ಮಾವ."

ಅಷ್ಟು ದೂರದಿಂದ ಅವರಿಗೆ ಕೇಳುವುದಿಲ್ಲ. ವಾಪಸ್ ಬಂದೆ. ಹೊಸ್ತಿಲು ದಾಟಿದಾಗ ಅವರ ಕಿವಿಯಲ್ಲಿ ಇನ್ನೊಂದು ಸದ್ದಾಯಿತು. ಮುಖ ನೋಡಿದರೆ ತಿಳಿಯುತ್ತದೆ.

"ಹಾಂ, ಬಂತು," ಎಂದು ಟೀ ಲೋಟ ಎತ್ತಿಕೊಂಡರು.

ಮಾವ ಮರುಳಸಿದ್ದಪ್ಪ ಬಸವಾಪಟ್ಟಣದಲ್ಲಿ ಮೂವತ್ತೈದು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಕಿವಿಯನ್ನು ಗಿರಣಿಯೇ ತೆಗೆದುಕೊಂಡಿತು. ಎರಡೂ ಕಿವಿಗೆ ಮಷಿನ್ ಹಾಕಿಸಿದ ಮೇಲೆ ಎದುರು ಕೂತವರ ಮಾತು ಕೇಳುತ್ತಿತ್ತು. ಫೋನಿನಲ್ಲಿ ಮಾತ್ರ ಗಿರಣಿಯದೇ ಸದ್ದು. ಜಗಳೂರಿನಿಂದ ಮಗಳು ಪ್ರಮೀಳಾ ಫೋನ್ ಮಾಡಿದರೆ, "ಏನವ್ವ? ಏನು?" ಎಂದು ಎರಡು ಸಲ ಕೇಳಿ ಅತ್ತೆಯ ಕೈಗೆ ಕೊಟ್ಟುಬಿಡುತ್ತಿದ್ದರು.

ಕಳೆದ ದೀಪಾವಳಿ ಹೊತ್ತಿಗೆ ನನ್ನ ಗಂಡ ಕೊಟ್ರೇಶ್, ಗೋವಿನಕೋವಿಯ ಕಸ್ತೂರಮ್ಮ ಟೀಚರ್ ಹತ್ತಿರ ಒಂದು ಡಬ್ಬಿ ಎರವಲು ತಂದ. ಟೀಚರ್ ಕಿವಿಯಲ್ಲೂ ಅದೇ ಕಂಪನಿಯ ಮಷಿನ್. ಡಬ್ಬಿ ಬೆಂಕಿಪೊಟ್ಟಣದಷ್ಟು, ಕೊರಳಿಗೆ ಹಾಕಿಕೊಳ್ಳಬೇಕು. ಬ್ಲೂಟೂತ್‌ನಲ್ಲಿ ಜೋಡಿಸಿದರೆ ಮಾತು ಫೋನಿನಿಂದ ಡಬ್ಬಿಗೆ, ಡಬ್ಬಿಯಿಂದ ನೇರವಾಗಿ ಕಿವಿಯ ಮಷಿನ್‌ಗೆ ಹೋಗುತ್ತದೆ. ಉತ್ತರ ಹೇಳಲು ಡಬ್ಬಿಯಲ್ಲೇ ಮೈಕೂ ಇದೆ. ಮಾವನ ಗುಂಡಿ ಫೋನಿನಲ್ಲಿ ಬ್ಲೂಟೂತ್ ಇಲ್ಲ. ಹಾಗಾಗಿ ಕೊಟ್ರೇಶ್ ತನ್ನ ಫೋನಿಗೇ ಜೋಡಿಸಿದ. ಶಿವದಾರದ ಪಕ್ಕ ಅದನ್ನೂ ಹಾಕಿಕೊಂಡು ಮಾವ ಅಂದು ಮಗಳ ಜೊತೆ ಮುಕ್ಕಾಲು ಗಂಟೆ ಮಾತಾಡಿದರು.

"ಇವಳು ಇಷ್ಟು ಮಾತಾಡ್ತಾಳೆ ಅಂತ ಈಗ ಗೊತ್ತಾತು ನೋಡು," ಎಂದರು ಆಮೇಲೆ.

"ನಂಗೆ ಇಪ್ಪತ್ತು ವರ್ಷದಿಂದ ಗೊತ್ತೈತೆ," ಎಂದರು ಅತ್ತೆ.

ಜೋಡಿಸಿದ ಫೋನ್ ಮನೆಯಿಂದ ಸ್ವಲ್ಪ ದೂರ ಹೋದರೆ ಡಬ್ಬಿ ಕಿವಿಯಲ್ಲಿ ಟೊಂಯ್ ಎನ್ನುತ್ತದೆ. ಹತ್ತಿರ ಬಂದರೆ ಇನ್ನೊಮ್ಮೆ. ಆ ಕೊನೆಯ ದಿನ ಬೆಳಿಗ್ಗೆ ಕೊಟ್ರೇಶನ ಬೈಕ್ ಅಂಗಳ ದಾಟಿದಾಗ ಒಂದು ಸದ್ದು ಬಂತು. ಚನ್ನಗಿರಿ ರಸ್ತೆಯಲ್ಲಿ ಲಾರಿ ಗುದ್ದಿತು. ಎರಡನೆಯದು ಬರಲಿಲ್ಲ. ರಾತ್ರಿಯವರೆಗೂ ಮಾವ ಡಬ್ಬಿ ತೆಗೆದಿರಲಿಲ್ಲ.

ಮಣ್ಣು ಮಾಡಿದ ನಾಲ್ಕನೆಯ ದಿನ ಅದನ್ನು ನನ್ನ ಫೋನಿಗೆ ಜೋಡಿಸಿದವಳು ನಾನೇ. ದುಃಖ ಹೇಳುವವರ ಮಾತು ಅವರಿಗೂ ಕೇಳಲಿ ಎಂದು. ಅಂದಿನಿಂದ ನನಗೆ ಬಂದ ಫೋನೆಲ್ಲ ಅವರ ಕಿವಿಗೆ ಹೋಯಿತು, ನಾನು ಹೋದದ್ದು ಬಂದದ್ದೂ. ಏಳನೆಯ ದಿನ ಬ್ಲೂಟೂತ್ ಆರಿಸಿದೆ. ಐದು ನಿಮಿಷ ಬಚ್ಚಲಲ್ಲಿದ್ದೆ ಅಷ್ಟೆ. ಮಾವ ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಹುಡುಕಿಕೊಂಡು ಹೋಗಿದ್ದರು. ಮತ್ತೆ ಆರಿಸಲಿಲ್ಲ.

ನೆಂಟರು ಹೋದ ಮೇಲಿನ ಆ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬಂತು. ಹಲೋ ಎಂದೆ. ಏನೂ ಕೇಳಲಿಲ್ಲ. ಪರದೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಪಡಸಾಲೆಯಿಂದ ಮಾವ ಮಾತಾಡುವುದು ಕೇಳಿಸಿತು.

"ಹೂಂರಿ, ಅವಳ ಮಾವ ಮಾತಾಡೋದು... ಇಲ್ರಿ, ಬರಾಕಾಗಲ್ಲ. ಮನೇಲಿ ಹಿಂಗಾಗೈತೆ. ಬ್ಯಾರೇರ್ನ ನೋಡ್ಕಳ್ರಿ."

ಹೊರಗೆ ಬಂದೆ. "ಯಾರು ಮಾವ?"

"ಹೊನ್ನಾಳಿ ಕಾಲೇಜಿನೋರು. ಪಾಠ ಮಾಡಾಕೆ ಬರ್ತಾರಾ ಅಂದ್ರು. ಇಲ್ಲ ಅಂದೆ."

ಮುಚ್ಚಿಡುವಂಥದ್ದೇನೂ ಮಾಡಿದಂತೆ ಅವರಿಗೆ ಅನ್ನಿಸಿರಲಿಲ್ಲ.

ಆ ಕಾಲೇಜಿಗೆ ಅರ್ಜಿ ತುಂಬಿಸಿದವನು ಕೊಟ್ರೇಶ್. ಅರ್ಥಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕಿ. "ಎಂ.ಎ. ಮಾಡಿದ್ದು ಸೊಪ್ಪು ಸೋಸಾಕಾ?" ಎಂದು ಸೊಪ್ಪಿನ ಮೊರವನ್ನು ನನ್ನ ಮುಂದಿನಿಂದ ಎಳೆದುಕೊಂಡಿದ್ದ.

ಮನೆಯೊಳಗಿಂದ ಫೋನ್ ಮಾಡಿದರೆ ಅದೂ ಅವರ ಕಿವಿಗೇ. ಅಂಗಳ ದಾಟಿ ರಸ್ತೆಗೆ ಹೋಗಿ ಮಾಡಿದೆ. ಗುಮಾಸ್ತರು ಎತ್ತಿದರು.

"ನಿಮ್ಮನೆ ಹಿರೇರು ಬ್ಯಾಡ ಅಂದ್ರಲ್ಲ ಮೇಡಂ. ಸರಿ, ನಾಳೆ ಹನ್ನೆರಡರೊಳಗೆ ಒರಿಜಿನಲ್ ತಗಂಡು ಬರ್ರಿ. ತಪ್ಪಿದ್ರೆ ಲಿಸ್ಟಲ್ಲಿರೋ ಮುಂದಿನೋರಿಗೆ ಹೋಗ್ತೈತೆ."

ತಿರುಗಿ ನೋಡಿದರೆ ಮಾವ ಗೇಟು ಹಿಡಿದು ನಿಂತಿದ್ದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ಅತ್ತೆ ಅನ್ನ ಕಲಸುವುದು ನಿಲ್ಲಿಸಲಿಲ್ಲ.

"ತಿಂಗಳಾಗೋ ತನಕ ಹೊಸ್ಲು ದಾಟಬ್ಯಾಡ. ಕೆಲ್ಸ ಎಲ್ಲಿಗೋಗ್ತೈತೆ, ಮುಂದಿನ ವರ್ಷ ನೋಡನ. ಅವನ ಕೆಲ್ಸ ಒಂದು ಮುಗೀತಲ್ಲ, ಅಷ್ಟು ಸಾಕು ನಂಗೆ."

ಅವನ ಕೆಲಸ ಎಂದರೆ ಎರವಲು ತಂದದ್ದನ್ನು ಮುಟ್ಟಿಸುವುದು. ಗಣಾರಾಧನೆಯ ದಿನ ಉಂಡು ಎದ್ದವರನ್ನೆಲ್ಲ ಅತ್ತೆ ಕೇಳಿದ್ದರು, ನನ್ನ ಮಗ ನಿಮ್ಮನೇದು ಏನಾರ ತಂದಿದ್ನಾ ಎಂದು. ಪಕ್ಕದ ಮನೆ ಜಂಪಣ್ಣನ ಏಣಿ ಹೋಯಿತು, ಓಂಕಾರನ ಡ್ರಿಲ್ಲಿಂಗ್ ಮಷಿನ್ ಹೋಯಿತು. ಬೇರೆಯವರ ವಸ್ತು ಮನೆಯಲ್ಲಿದ್ದರೆ ಹೋದ ಜೀವಕ್ಕೆ ದಾರಿ ಸಿಗುವುದಿಲ್ಲ ಎಂಬುದು ಅವರ ನಂಬಿಕೆ. ನನಗೆ ಅಂಥ ನಂಬಿಕೆ ಇಲ್ಲ. ಆದರೂ ಹೇಳಿದೆ.

"ಒಂದು ಉಳಿದೈತೆ ಅತ್ತೆ."

ಮಾವನ ಕೊರಳು ತೋರಿಸಿದೆ.

ಅತ್ತೆಯ ಕೈ ನಿಂತಿತು. ಮಾವ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ತೆಗೀರಿ," ಎಂದರು ಅತ್ತೆ. "ಮಗನ್ನ ಇಲ್ಲಿ ಕಟ್ಟಾಕಬ್ಯಾಡ್ರಿ."

"ಇದಿಲ್ಲ ಅಂದ್ರೆ ಇವಳು ಬಂದಿದ್ದು ನಂಗೆ ಹೆಂಗೆ ಗೊತ್ತಾಗ್ಬೇಕು?"

"ಎದುರಿಗೆ ಬಂದು ನಿಲ್ತೀನಿ ಮಾವ."

"ಬರ್ಲಿಲ್ಲ ಅಂದ್ರೆ?"

"ಐದೂವರೆ ಬಸ್ಸಿಗೆ ಬರ್ತೀನಿ," ಎಂದೆ.

"ಅವನ ಕೈಯಿಂದ ಹೋಗ್ಬೇಕಿತ್ತು. ಇನ್ನು ನೀನೇ ಕೊಟ್ಟು ಬಾ," ಎಂದರು ಅತ್ತೆ.

"ಗೋವಿನಕೋವಿಗೆ ಹೊನ್ನಾಳಿ ಮ್ಯಾಲೇ ಹೋಗ್ಬೇಕು ಅತ್ತೆ. ನಡುವೆ ಕಾಲೇಜಿಗೂ ಹೋಗ್ತೀನಿ."

ಅತ್ತೆಯ ಕಿವಿ ಚೆನ್ನಾಗಿದೆ. ಅವರು ಮಜ್ಜಿಗೆ ಹಾಕಿಕೊಂಡು ಉಂಡರು.

ಮರುದಿನ ಬೆಳಿಗ್ಗೆ ಮಾವ ತಾವೇ ಡಬ್ಬಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿ ಕೊಟ್ಟರು. ನಾನು ಅಂಗಳ ದಾಟುವಾಗ ತಲೆಯನ್ನು ಸ್ವಲ್ಪ ವಾಲಿಸಿ ಕಾದರು. ಡಬ್ಬಿಯೂ ಫೋನೂ ನನ್ನ ಬ್ಯಾಗಿನಲ್ಲೇ ಇದ್ದವು. ಯಾವ ಸದ್ದೂ ಬರುವಂತಿರಲಿಲ್ಲ.

ಹನ್ನೊಂದೂವರೆಗೆ ಕಾಲೇಜಿನಲ್ಲಿ ಸಹಿ ಹಾಕಿದೆ. ಗಂಡನ ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ಕೇಳಿದೆ. ಹೆಸರೇ ಬರೀರಿ ಎಂದರು.

ಕಸ್ತೂರಮ್ಮ ಟೀಚರ್‌ಗೆ ಸುದ್ದಿ ಗೊತ್ತಿತ್ತು. ಮಂಡಿ ನೋವಿಗೆ ಬರಲಾಗಿರಲಿಲ್ಲ. ನೀರು ಕೊಟ್ಟು ನನ್ನ ಕೈ ಹಿಡಿದು ಕೂತರು. ಡಬ್ಬಿ ತೆಗೆದಿಟ್ಟಾಗ ತಲೆಯಾಡಿಸಿದರು.

"ಇದ್ಯಾಕೆ ತಂದೆ ಮಗಾ? ನನ್ನ ಹೊಸ ಮಷಿನ್‌ಗೆ ಫೋನ್ ನೇರವಾಗೇ ಬರ್ತೈತೆ. ಇದು ನಂಗೆ ಬ್ಯಾಡ. ನಿಮ್ಮ ಮಾವಂಗೇ ಇರ್ಲಿ."

ಇಷ್ಟು ಸುಲಭವಾಗುತ್ತದೆ ಎಂದುಕೊಂಡಿರಲಿಲ್ಲ. ತೆಗೆದುಕೊಂಡು ಹೋದರೆ ಮಾವ ಬಸ್‌ಸ್ಟ್ಯಾಂಡಿನಲ್ಲೇ ಕೊರಳಿಗೆ ಹಾಕಿಕೊಳ್ಳುತ್ತಾರೆ. ಬಿಟ್ಟು ಹೋದರೆ ರಾತ್ರಿ ಪ್ರಮೀಳಾ ಫೋನ್ ಮಾಡುತ್ತಾಳೆ, ಅವರು "ಏನವ್ವ? ಏನು?" ಎನ್ನುತ್ತಾರೆ.

"ಯಾರ ಫೋನಿಗೆ ಜೋಡ್ಸಿದ್ರಿ?" ಟೀಚರ್ ಕೇಳಿದರು.

"ನನ್ನದಕ್ಕೆ."

ಅವರು ನನ್ನ ಮುಖ ನೋಡಿದರು.

"ಮಾವಂಗೆ ಅವರದೇ ಒಂದು ಫೋನ್ ಕೊಡಿಸ್ತೀನಿ ಟೀಚರ್. ಆಗ ನಾನೇ ಬಂದು ಇದನ್ನ ಕೇಳ್ತೀನಿ. ಇವತ್ತು ಇಸ್ಕಳ್ರಿ."

ಟೀಚರ್ ಡಬ್ಬಿಯನ್ನು ಕೈಗೆತ್ತಿಕೊಂಡು ಬದಿಯ ಗುಂಡಿಯ ಮೇಲೆ ಹೆಬ್ಬೆರಳಿಟ್ಟರು. "ಇದನ್ನ ಒತ್ತಿ ಹಿಡಿದ್ರೆ ಜೋಡ್ಸಿದ್ದ ಫೋನೆಲ್ಲ ಅಳಿಸಿ ಹೋಗ್ತಾವೆ. ಒತ್ಲಾ?"

ಅದರಲ್ಲಿ ಎರಡು ಫೋನ್‌ಗಳಿದ್ದವು. ಒಂದು ಚನ್ನಗಿರಿ ರಸ್ತೆಯಲ್ಲಿ ಒಡೆದು ಹೋದದ್ದು.

"ಒತ್ರಿ," ಎಂದೆ.

ದೀಪ ನಾಲ್ಕೈದು ಸಲ ಮಿನುಗಿ ಆರಿತು. ಎದ್ದು ನಿಂತ ಮೇಲೆ ನೆನಪಾಯಿತು, ಚಾರ್ಜರ್ ವೈರ್ ಬ್ಯಾಗಿನಲ್ಲೇ ಉಳಿದಿತ್ತು. ಚಾರ್ಜಿಗೆ ನನ್ನ ಫೋನಿನ ವೈರೇ ಸಾಕಾಗುತ್ತಿತ್ತು, ಇದನ್ನು ಕೊಟ್ರೇಶ್ ತಂದ ದಿನವೇ ಅಚ್ಚುಕಟ್ಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ. ರಬ್ಬರ್ ಬ್ಯಾಂಡ್ ಬಿಚ್ಚದೆ ಕೊಟ್ಟೆ.