ಮಲಗುವ ಕೋಣೆಗೊಂದು

ಟುವುಂಬಾ ಊರಿನ ಆ ಬಾಡಿಗೆ ಮನೆಗೆ ಹೊಗೆ ಅಲಾರಂ ಕೂರಿಸಲು ಬಂದ ಎಲೆಕ್ಟ್ರಿಷಿಯನ್ ಡಾರ್ಸಿ, ಬೀಗ ಹಾಕಿದ ಕೋಣೆಯೆದುರು ಏಣಿ ಊರಿದಾಗ ಬಾಡಿಗೆಗಿದ್ದ ನೊರೀನ್ ಸಿಡುಕಿದಳು.

“ಅಲ್ಲಿ ಯಾರೂ ಮಲಗಲ್ಲ. ಬೇರೆ ಕಡೆ ಹಾಕಿ ಹೋಗಪ್ಪ.”

“ಬಾಡಿಗೆ ಮನೆ ಅಂದ್ರೆ ಮಲಗೋ ಕೋಣೆಗೊಂದು ಇರ್ಲೇಬೇಕು ಅಕ್ಕ. ಕಾನೂನು ನಿಮ್ಮನ್ನೂ ಕೇಳಲ್ಲ, ನನ್ನನ್ನೂ ಕೇಳಲ್ಲ.”

ಹೋದ ವರ್ಷ ಮಗ ಲಾಕ್ಲನ್ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಅವಳು ಆ ಬಾಗಿಲು ತೆಗೆದಿರಲಿಲ್ಲ. ಅವನು ಒಳಗೆ ಕೂತು ಡ್ರಮ್ ಬಾರಿಸುತ್ತಿದ್ದರೆ ಮನೆಯೇ ಅದುರುತ್ತಿತ್ತು. ಇವಳು ಅಡುಗೆಮನೆಯಿಂದ ಎಷ್ಟು ಗಂಟಲು ಹರಿದುಕೊಂಡರೂ ನಿಲ್ಲಿಸುತ್ತಿರಲಿಲ್ಲ. ಈಗ ಬೀಗ ತೆಗೆದುಕೊಟ್ಟವಳೇ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಕಪ್ಪುಗಳನ್ನೇ ಮತ್ತೆ ತೊಳೆಯುತ್ತ ನಿಂತಳು.

ಡಾರ್ಸಿ ಕೆಲಸ ಮುಗಿಸಿ, ಕೋಣೆಯ ಬಾಗಿಲು ಮೊದಲಿನಂತೆ ಮುಚ್ಚಿ, ಹಜಾರಕ್ಕೆ ಬಂದ.

“ಒಂದು ಕೂಗಿದ್ರೆ ಎಲ್ಲವೂ ಕೂಗ್ಬೇಕು. ನೋಡೋಣ,” ಎಂದು ಗುಂಡಿ ಒತ್ತಿದ.

ಮನೆಗೆ ಮನೆಯೇ ಕಿರುಚಿತು. ಮುಚ್ಚಿದ ಆ ಬಾಗಿಲ ಹಿಂದಿನಿಂದಲೂ ಸದ್ದು ಬಂತು.

“ಸಾಕು ನಿಲ್ಸೋ, ಲಾಕ್ಲನ್!”

ಮಾತು ಬಾಯಿಂದ ಹೊರಟೇ ಹೋಗಿತ್ತು. ಡಾರ್ಸಿ ಬೆಚ್ಚಿ ಗುಂಡಿಯಿಂದ ಬೆರಳು ತೆಗೆದ.

ಕೋಣೆ ತಟ್ಟನೆ ಸುಮ್ಮನಾಯಿತು. ಲಾಕ್ಲನ್ ಎಂದೂ ಒಂದೇ ಮಾತಿಗೆ ಸುಮ್ಮನಾದವನಲ್ಲ.