ಬರೆದಿಟ್ಟ ಅಳು

‘ಕೂಸು ಹುಟ್ಟಿದ ಕೂಡಲೇ ಅತ್ತಿದೆ’ ಎಂಬ ಸಾಲನ್ನು ವಕೀಲ ಸಿದ್ಧಾರೂಢರು ಎರಡನೇ ಸಲ ಓದಿ, ಆಸ್ಪತ್ರೆಯ ಕಾಗದವನ್ನು ಮೇಜಿನ ಮೇಲಿಟ್ಟರು. ಫರಹತ್‌ಳ ಮಡಿಲಲ್ಲಿ ಆರು ವರ್ಷದ ಮಗಳು ಜಾಸ್ಮಿನ್ ಬಿಲ್ಲಿನಂತೆ ಹಿಂದಕ್ಕೆ ಸೆಟೆದುಕೊಂಡಿದ್ದಳು. ಕೈಕಾಲು ಯಾವತ್ತೂ ಅವಳ ಮಾತು ಕೇಳಿದ್ದಿಲ್ಲ.

“ಈ ಸಾಲು ನಿಂತ್ರ ಕೇಸ್ ನಿಲ್ಲೂದಿಲ್ಲ ನೋಡವಾ. ಹೆರಿಗಿಯೊಳಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾತು ಅಂತ ನಾವು ಹೇಳಬೇಕು. ಆಸ್ಪತ್ರಿಯವ್ರು ಇದನ್ನ ತೋರಸ್ತಾರ.”

“ಅತ್ತಿಲ್ರಿ,” ಎಂದಳು ಫರಹತ್. “ಕಿವಿಗೊಟ್ಟ ಮಲಗಿದ್ನಿ. ಎಷ್ಟ ಕರದ್ರೂ ಡಾಕ್ಟರು ಬರಲಿಲ್ಲ.”

“ಅಲ್ಲಿ ಮತ್ಯಾರಿದ್ರು?”

ಫರಹತ್ ಪಕ್ಕಕ್ಕೆ ತಿರುಗಿದಳು. ಅತ್ತೆ ಬಾಷಾಬಿ ಸೆರಗಿನ ಅಂಚು ಕಚ್ಚಿ ಕುಳಿತಿದ್ದಳು. ಓಣಿಯಲ್ಲಿ ಯಾರು ಕೇಳಿದರೂ ಆಕೆಯದು ಒಂದೇ ಮಾತು: ಮೊಮ್ಮಗಳು ಹುಟ್ಟುತ್ತಲೇ ಅತ್ತಳು. ಕೇಳಿ ಕೇಳಿ, ಕೆಲವು ಮಧ್ಯಾಹ್ನ ಫರಹತ್‌ಗೆ ಆ ಅಳು ನಿಜಕ್ಕೂ ಕೇಳಿಸಿದ್ದುಂಟು. ಗೋಡೆಯ ಆಚೆಯಿಂದ, ತನಗೆ ಸಿಗದೇ ಹೋದ ಇನ್ನೊಂದು ಕೂಸು ಅಲ್ಲಿ ಮಲಗಿರುವಂತೆ. ಎದ್ದು ಹೋಗಿ ನೋಡಿಯೂ ಇದ್ದಳು.

“ಅದನ್ನ ಬರಸಿದಾಕಿ ನಾನ,” ಎಂದಳು ಬಾಷಾಬಿ.

ಫರಹತ್‌ಳ ಕೈ ಮಗಳ ಬೆನ್ನ ಮೇಲೆ ನಿಂತುಬಿಟ್ಟಿತು.

“ಕೂಸು ನೀಲಿಗಟ್ಟಿತ್ರಿ. ಹೊರಗ ನಮ್ಮ ಯಜಮಾನ್ರು ಅದರ ಕಿವ್ಯಾಗ ಅಜಾನ್ ಹೇಳಾಕ ನಿಂತಿದ್ರು. ಸತ್ತ ಕೂಸಿಗೆ ಅಜಾನ್ ಹೇಳೂದಿಲ್ಲ. ಅದನ್ನ ಕೇಳದ ಕೂಸು ಹೊಂಟ ಹೋಗಬಾರದು ಅಂತ, ಬಾಗಲಾ ತಗದು ‘ಅತ್ತೈತಿ, ಬರ್ರಿ’ ಅಂದ್ನಿ. ನರ್ಸಮ್ಮ ಅದನ್ನ ಬರಕೊಂಡ್ಲು.”

“ಖರೇ ಅತ್ತದ್ದು ಎಷ್ಟು ಮಿನಿಟಿಗೆ?”

“ಗಡಿಯಾರ ಯಾರ್ ನೋಡ್ತಾರ್ರಿ? ನೀವು ಹಡದಿದ್ರ ಇದನ್ನ ಕೇಳ್ತಿದ್ದಿಲ್ಲ ಬಿಡ್ರಿ.”

ವಕೀಲರು ತಲೆ ತಗ್ಗಿಸಿದರು. “ಜಡ್ಜ್ ಸಾಹೇಬ್ರು ಕೇಳ್ತಾರ ಯವ್ವಾ. ಅವ್ರ ಮುಂದ ‘ನಾ ಸುಳ್ಳ ಹೇಳಿದ್ನಿ’ ಅಂತ ನೀವು ಒಪ್ಕೋತೀರೇನು?”

ಬಾಷಾಬಿ ಜಾಸ್ಮಿನ್‌ಳನ್ನು ನೋಡಿದಳು. ಆಮೇಲೆ ಚೀಲದಿಂದ ಜಪದ ಸರ ತೆಗೆದಳು.

“ಅಜಾನ್ ಆದ ಮ್ಯಾಲ ಈ ತಸ್ಬಿ ಹಿಡದು ಮೂಲಿಗೆ ಕುಂತಿದ್ನಿ. ಮೂರು ಸುತ್ತು ಮುಗದಿಂದ ಅತ್ತಳು. ಈಗ ಹಂಗ ಎಣಿಸ್ತೀನಿ. ನೀವು ಹೊತ್ತು ನೋಡಿ ಬರಕೋರಿ.”

ಆಕೆ ಕಣ್ಣು ಮುಚ್ಚಿದಳು. ತುಟಿ ಅಲುಗತೊಡಗಿತು. ವಕೀಲರು ಮೊಬೈಲು ಮುಂದಿಟ್ಟುಕೊಂಡರು. ಕೆಳಗೆ ಗದಗ ರಸ್ತೆಯಲ್ಲಿ ಲಾರಿಯೊಂದು ಹೋಯಿತು. ಮಣಿಗಳು ಒಂದೊಂದಾಗಿ ಸರಿದವು. ಒಂದು ಸುತ್ತು. ಯಾರೂ ಅಲುಗಲಿಲ್ಲ. ಜಾಸ್ಮಿನ್ ಕೂಡ ಕುತ್ತಿಗೆ ತಿರುವಿ ಅಜ್ಜಿಯ ಬೆರಳುಗಳನ್ನೇ ನೋಡುತ್ತಿದ್ದಳು.

ಎರಡನೇ ಸುತ್ತಿನ ನಡುವೆ ವಕೀಲರು ಫರಹತ್‌ಳ ಮುಖ ನೋಡಿ, “ಸಾಕ್ರಿ ಯವ್ವಾ,” ಎಂದರು.

ಬಾಷಾಬಿಯ ಹೆಬ್ಬೆರಳು ಮುಂದಿನ ಮಣಿಯನ್ನು ಸರಿಸಿತು.