ಚಿಲಕ ಹಾಕಿದ ಕೋಣೆಯ ಊಟ

ಬೀಗರಾಗುವವರ ಬಿಳಿ ಅಂಗಿಯ ಮೇಲೆ ಅಗುಳು ಸಿಡಿದ ದಿನದಿಂದ ದೊಡ್ಡಕ್ಕ ಎಲ್ಲರ ಜೊತೆ ಕೂತು ಉಣ್ಣುವುದನ್ನೇ ಬಿಟ್ಟಳು.

ನೂಲಿನ ಗಿರಣಿಯ ದೂಳು ಕುಡಿದು ಅವಳ ಶ್ವಾಸಕೋಶ ಹಾಳಾಗಿತ್ತು. ಆ ದುಡಿಮೆಯಲ್ಲೇ ತಮ್ಮನಿಗೊಂದು ಹೊಲಿಗೆ ಅಂಗಡಿ ಹಾಕಿಕೊಟ್ಟು, ಈಗ ಅವನ ಮನೆಯಲ್ಲೇ ಇದ್ದಳು. ನಡೆದರೆ ಏದುಸಿರು ಬರುವುದು ಎಲ್ಲರಿಗೂ ಗೊತ್ತಿತ್ತು. ಉಣ್ಣುವಾಗಲೂ ಉಸಿರು, ತುತ್ತು ಎರಡೂ ಗಂಟಲಲ್ಲಿ ಜಗಳಕ್ಕೆ ಬೀಳುವುದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಅಂದು ತಮ್ಮನ ಮಗಳ ಮದುವೆಯ ಮಾತುಕತೆ ಮುಗಿಸಿ ಊಟಕ್ಕೆ ಕೂತಿದ್ದರು. ತಮ್ಮನ ತಮಾಷೆಗೆ ನಗಲು ಹೋಗಿ ದೊಡ್ಡಕ್ಕನಿಗೆ ನೆತ್ತಿಗೇರಿತು. ಕೈ ಅಡ್ಡ ಹಿಡಿಯುವಷ್ಟರಲ್ಲಿ ಬಾಯಲ್ಲಿದ್ದುದೆಲ್ಲ ಎದುರಿಗೆ ಸಿಡಿಯಿತು.

"ಪರವಾಗಿಲ್ಲ ಬಿಡಿ" ಅಂದರು ಬೀಗರು. ಆದರೆ ಅವರ ಕೈ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿತು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ.

ಆಮೇಲೆ ತಟ್ಟೆ ಕೋಣೆಗೆ ಹೋಗತೊಡಗಿತು. ಚಿಲಕ ಹಾಕಿಕೊಂಡು ಅರ್ಧ ತಿಂದು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುತ್ತಿದ್ದಳು. ಬಟ್ಟೆಗಳೆಲ್ಲ ಜೋಲಾದವು. ತಮ್ಮ ಮತ್ತೆ ಮತ್ತೆ ಹೊಲಿಗೆ ಹಿಡಿದು ಬಿಗಿ ಮಾಡಿಕೊಟ್ಟ. "ಅಕ್ಕಾ, ಇನ್ನೆಷ್ಟು ಹಿಡೀಲಿ? ಬಟ್ಟೆಗಿಂತ ಹೊಲಿಗೇನೇ ಜಾಸ್ತಿ ಆಯ್ತು!" ಅಂತ ನಕ್ಕ. ಅವಳೂ ನಕ್ಕಳು.

ಒಂದು ಮಧ್ಯಾಹ್ನ ಕೋಣೆಯೊಳಗಿಂದ ಏನೋ ಬಿದ್ದ ಸದ್ದಾಯಿತು.

"ಅತ್ತಿಗೇ, ಚಿಲಕ ತೆಗೀರಿ!" ತಮ್ಮನ ಹೆಂಡತಿ ಬಾಗಿಲು ಬಡಿದಳು. ಉತ್ತರವಿಲ್ಲ. ತಮ್ಮ ಕತ್ತರಿ ಬಿಸಾಡಿ ಓಡಿಬಂದು ಹೆಗಲು ಕೊಟ್ಟು ಬಾಗಿಲು ತಳ್ಳಿದ. ದೊಡ್ಡಕ್ಕ ಗಂಟಲು ಹಿಡಿದುಕೊಂಡು ಗೋಡೆಗೆ ಒರಗಿದ್ದಳು, ಮುಖ ಕಪ್ಪಿಟ್ಟಿತ್ತು. ಅವಳನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದ. ಒಣ ಬ್ರೆಡ್ಡಿನ ಚೂರು ಹೊರಬಿತ್ತು.

ಮಂಚದ ಮೇಲೆ ಉಳಿದ ಊಟ ಸುತ್ತಿದ್ದ ಕಾಗದದ ಪೊಟ್ಟಣ ಬಿಚ್ಚಿಕೊಂಡಿತ್ತು.

"ಇದೇನಕ್ಕಾ, ನಿನ್ನ ಮನೇಲೇ ಕಳ್ಳರ ಥರ ತಿನ್ನೋದಾ?"

"ನನ್ನ ಬಾಯಿ ನನ್ನ ಮಾತು ಕೇಳಲ್ಲ ಕಣೋ. ಇನ್ನೊಬ್ಬರ ತಟ್ಟೆ ಹೊಲಸು ಮಾಡ್ಲಾ?"

ಅಕ್ಕ ಸೊರಗುತ್ತಿರುವುದು ತಮ್ಮನ ಅಳತೆ ಪಟ್ಟಿಗೆ ಗೊತ್ತಾಗಿತ್ತು. ಅವನು ಅದನ್ನು ನಗೆಯಲ್ಲಿ ತೇಲಿಸಿಬಿಟ್ಟಿದ್ದ.

ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಹೆಂಗಸೊಬ್ಬಳು ಎದುರಿಗೆ ಕೂತು ಅವಳ ಗಂಟಲನ್ನೇ ನೋಡಿದಳು. ದೊಡ್ಡಕ್ಕನಿಗೆ ಬಟ್ಟೆ ಕಳಚಿ ನಿಂತಷ್ಟು ನಾಚಿಕೆಯಾಯಿತು.

"ಅಮ್ಮಾ, ನುಂಗೋಕೆ ಉಸಿರು ಒಂದು ಗಳಿಗೆ ನಿಲ್ಲಬೇಕು. ನಿಮ್ಮ ಎದೆಗೆ ಅಷ್ಟೂ ಪುರುಸೊತ್ತಿಲ್ಲ. ನಿಮ್ಮ ತಪ್ಪಲ್ಲ ಇದು. ಮೊದಲು ಸುಧಾರಿಸಿಕೊಳ್ಳಿ, ನೆಟ್ಟಗೆ ಕೂತು ಮೆತ್ತಗಿನದನ್ನ ಚೂರುಚೂರೇ ತಿನ್ನಿ. ನುಂಗಿದ ಮೇಲೆ ಉಸಿರು ಬಿಡಿ. ಊಟದ ಮಧ್ಯೆ ಮಾತು ಬೇಡ, ನಗೋದೂ ಬೇಡ."

"ಹಾಗಾದ್ರೆ ಬಾಯಿಗೆ ಹೊಲಿಗೆ ಹಾಕ್ಕೋಬೇಕಾದವನು ನಾನು" ಅಂದ ತಮ್ಮ.

ಮನೆಯಲ್ಲಿ ಅವಳ ಕುರ್ಚಿಯನ್ನು ಮತ್ತೆ ಮೇಜಿಗೆ ಎಳೆದರು. ಅವಳ ಬಟ್ಟಲಲ್ಲಿ ಎಲ್ಲವನ್ನೂ ಮಿದ್ದು ಗಂಜಿಯ ಹದಕ್ಕೆ ತಂದಿದ್ದರು. ತಮ್ಮ ಒಂದೂ ತಮಾಷೆ ಮಾಡಲಿಲ್ಲ. ಎಲ್ಲರ ಊಟ ಮುಗಿದರೂ ಕೈ ಒಣಗಿಸಿಕೊಂಡು ಅವಳಿಗಾಗಿ ಕಾದರು. ಅದೇ ಅವಳಿಗೆ ಹಿಂಸೆ.

"ಮದುವೆ ಊಟಕ್ಕೆ ನಾನು ಕೂರಲ್ಲ, ಈಗಲೇ ಹೇಳಿದೀನಿ."

"ನುಂಗಿ ಆಮೇಲೆ ಮಾತಾಡು" ಅಂದ ತಮ್ಮ.

ಅಷ್ಟರಲ್ಲಿ ಕೆಮ್ಮು ಬಂದೇಬಿಟ್ಟಿತು. ಅವಳು ಎದ್ದುಹೋಗಿ ಅಡುಗೆಮನೆಯ ಗೋಡೆಗೆ ಮುಖಮಾಡಿ, ಬಾಯಿಗೆ ಬಟ್ಟೆ ಒತ್ತಿ ನಿಂತಳು. ಕೆಮ್ಮು ನಿಂತಿತು, ಕೆನ್ನೆಯ ಉರಿ ಆರಲಿಲ್ಲ. ಬಟ್ಟಲಲ್ಲಿ ಇನ್ನೂ ಅರ್ಧ ಉಳಿದಿತ್ತು, ಹೊಟ್ಟೆ ಹಸಿದಿತ್ತು. ತಲೆ ತಗ್ಗಿಸಿಕೊಂಡೇ ಬಂದು ಕೂತು ಚಮಚ ಎತ್ತಿಕೊಂಡಳು.